ಮಂತ್ರಿಯ ಮುಂದಿನ ಕಾಲಾಳು: ಕೊಲ್ಲೆ ಕಟ್ಟಿದ ಗಟ್ಟಿ ಮನೆ



ದಿನವೂ ಧ್ವನಿಯಲ್ಲಿ ಸಿಗುವ ನಾನು ಇವತ್ತು ಅಕ್ಷರದಲ್ಲಿ ಸಿಕ್ಕಿದ್ದೇನೆ. ಈ ಸಲದ ಮಾತು ಚದುರಂಗದ್ದು.

ನಿಮ್ಮ ಮನೆಯಲ್ಲೂ ಹೀಗೆ ಆಗಿರಬಹುದು. ಭಾನುವಾರ ಬೆಳಿಗ್ಗೆ ಸೊಸೈಟಿ ಹಾಲ್‌ನಲ್ಲಿ ಮಕ್ಕಳ ಚೆಸ್ ಪಂದ್ಯ. ಹುರುಪಿನಿಂದ ಹೋದ ಮಗ ಅರ್ಧ ಗಂಟೆಯಲ್ಲೇ ಮುಖ ಇಳಿಸಿಕೊಂಡು ವಾಪಸ್ ಬರುತ್ತಾನೆ. "ಎಷ್ಟನೇ ನಡೆಗೆ ಸೋತೆ ಪುಟ್ಟಾ?" ಅಂದರೆ, "ಹನ್ನೊಂದು ಅಪ್ಪ" ಎನ್ನುತ್ತಾನೆ. ಆಮೇಲೆ ಬೋರ್ಡು ಕಪಾಟಿನ ಮೇಲೇರುತ್ತದೆ. ಮಗನ ಮಾತು ಹಾಗಿರಲಿ, ಆಫೀಸಿನ ಊಟದ ಬಿಡುವಿನಲ್ಲಿ ಆಡುವ ನಿಮ್ಮ ಕಥೆಯೂ ಹೆಚ್ಚುಕಡಿಮೆ ಅದೇ ಅಲ್ಲವೇ? ಆಟ ಶುರುವಾಗುವ ಮೊದಲೇ ಮುಗಿದಿರುತ್ತದೆ. ದಪ್ಪ ಪುಸ್ತಕ ತಂದು ನೂರಾರು ಆರಂಭಗಳನ್ನು ಬಾಯಿಪಾಠ ಮಾಡೋಣವೆಂದರೆ ಲೋಕಲ್ ಟ್ರೇನು, ಬಸ್ಸು, ಟ್ರಾಫಿಕ್ಕುಗಳಲ್ಲಿ ಅರೆದುಹೋದ ದಿನದಲ್ಲಿ ಅದಕ್ಕೆ ವೇಳೆ ಎಲ್ಲಿ?

ಇದಕ್ಕೊಂದು ಉತ್ತರ ಚರಿತ್ರೆಯಲ್ಲಿದೆ. ಸುಮಾರು ನೂರು ವರ್ಷದ ಹಿಂದೆ ಬೆಲ್ಜಿಯಂ ದೇಶದ ಒಬ್ಬ ಕಾಯಿಲೆಯ ಮನುಷ್ಯ ಬಿಳಿ ಕಾಯಿಗಳಿಗೆ ಒಂದು ಗಟ್ಟಿಯಾದ ಆರಂಭವನ್ನು ಪ್ರಸಿದ್ಧಗೊಳಿಸಿ ಹೋದ. ಅದನ್ನು ಕಲಿಯಲು ಏಳೆಂಟು ನಡೆ ಸಾಕು. ಆದರೆ ಆ ನಡೆಗಳ ಹಿಂದಿನ ಕಾರಣ ತಿಳಿಯಬೇಕು. ಅದನ್ನೇ ಹೇಳಲು ಹೊರಟಿದ್ದೇನೆ.

ಮೊದಲು ವಿಳಾಸ

ಚದುರಂಗದ ಹಾಸಿನಲ್ಲಿ 64 ಮನೆ. ಬಿಳಿಯವರ ಎಡಗಡೆಯಿಂದ ಬಲಕ್ಕೆ ಎಂಟು ಸಾಲಿಗೆ ಎ, ಬಿ, ಸಿ, ಡಿ, ಇ, ಎಫ್, ಜಿ, ಎಚ್ ಎಂದು ಹೆಸರು. ಬಿಳಿಯವರ ಕಡೆಯಿಂದ ಕಪ್ಪಿನ ಕಡೆಗೆ 1ರಿಂದ 8ರವರೆಗೆ ಸಂಖ್ಯೆ. ನಮ್ಮ ಫ್ಲ್ಯಾಟುಗಳ ಹಾಗೆಯೇ ಅಂದುಕೊಳ್ಳಿ. 'ಡಿ4' ಅಂದರೆ ಡಿ ವಿಂಗ್, ನಾಲ್ಕನೇ ಮಹಡಿ. ಇಷ್ಟು ಗೊತ್ತಿದ್ದರೆ ಮುಂದಿನದೆಲ್ಲ ಸಲೀಸು.

ಇನ್ನು ಹೆಸರುಗಳು. ಇಂಗ್ಲಿಷಿನವರು ಕ್ವೀನ್ ಎನ್ನುವ ಕಾಯಿಗೆ ನಾವು ಮಂತ್ರಿ ಎನ್ನುತ್ತೇವೆ. ಅವರ ಬಿಷಪ್ ನಮಗೆ ಒಂಟೆ, ರೂಕ್ ನಮಗೆ ಆನೆ. ಹಾಗಾಗಿ ಅವರು 'ಕ್ವೀನ್ಸ್ ಪಾನ್' ಎಂದು ಕರೆಯುವ ಕಾಯಿ ನಮ್ಮ ಲೆಕ್ಕದಲ್ಲಿ ಮಂತ್ರಿಯ ಮುಂದೆ ನಿಂತ ಕಾಲಾಳು. ಅದನ್ನು ಎರಡು ಮನೆ ಮುಂದೆ ನೂಕಿ ಡಿ4ರಲ್ಲಿ ನಿಲ್ಲಿಸಿ ಆಟ ಶುರು ಮಾಡುವುದೇ ಮಂತ್ರಿ ಕಾಲಾಳಿನ ಆರಂಭ.

ಬೆನ್ನಿಗೆ ಯಾರಿದ್ದಾರೆ?

ಹತ್ತೊಂಬತ್ತನೇ ಶತಮಾನದ ಆಟಗಾರರಿಗೆ ರಾಜನ ಮುಂದಿನ ಕಾಲಾಳಿನ ಮೇಲೆ ಮೋಹ. ಇ4ಕ್ಕೆ ನೂಕುವುದು, ಕಾಲಾಳನ್ನು ಬಲಿ ಕೊಡುವುದು, ಎದುರಾಳಿಯ ರಾಜನ ಮೇಲೆ ಮುಗಿಬೀಳುವುದು. ನೋಡುವುದಕ್ಕೆ ಸೊಗಸು. ಆದರೆ ಒಂದು ಸಣ್ಣ ಸಂಗತಿ ಗಮನಿಸಿ. ಇ4ಕ್ಕೆ ಹೋದ ಕಾಲಾಳಿಗೆ ಆ ಹೊತ್ತಿನಲ್ಲಿ ಕಾವಲಿಗೆ ಯಾರೂ ಇಲ್ಲ. ಡಿ4ಕ್ಕೆ ಹೋದ ಕಾಲಾಳಿನ ಬೆನ್ನ ಹಿಂದೆ, ಅದೇ ಸಾಲಿನಲ್ಲಿ, ಸ್ವತಃ ಮಂತ್ರಿ ನಿಂತಿದೆ. ಒಂದು ಕಾಲಾಳು ಒಂಟಿಯಾಗಿ ಪೇಟೆಗೆ ಹೋದ ಹುಡುಗ, ಇನ್ನೊಂದು ಅಪ್ಪನ ಕೈ ಹಿಡಿದು ಹೋದವನು. ಮಂತ್ರಿ ಕಾಲಾಳಿನ ಆಟವನ್ನು ಜನ 'ಗಟ್ಟಿ' ಎನ್ನುವುದಕ್ಕೆ ಮೊದಲ ಕಾರಣ ಇದು.

ಇದು ಹೊಸ ಶೋಧವೇನಲ್ಲ. 1834ರಲ್ಲಿ ಫ್ರಾನ್ಸಿನ ಲಾ ಬೂರ್ದೊನೆ ಮತ್ತು ಐರ್ಲೆಂಡಿನ ಮೆಕ್‌ಡೊನೆಲ್ ಲಂಡನ್ನಿನಲ್ಲಿ ಸಾಲು ಸಾಲಾಗಿ ಆಟ ಆಡಿದಾಗಲೇ ಡಿ4ರಿಂದ ಶುರುವಾಗುವ ಕ್ವೀನ್ಸ್ ಗ್ಯಾಂಬಿಟ್ ಹಾಸಿನ ಮೇಲಿತ್ತು. ಮುಂದೆ ಅದೇ ಎಲ್ಲರ ಅಭ್ಯಾಸವಾಯಿತು. ಎಷ್ಟರ ಮಟ್ಟಿಗೆ ಎಂದರೆ, 1927ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಕಪಾಬ್ಲಾಂಕಾ ಮತ್ತು ಅಲೆಖಿನ್ ವಿಶ್ವ ಪಟ್ಟಕ್ಕಾಗಿ ಆಡಿದ 34 ಆಟಗಳಲ್ಲಿ 32 ಆಟ ಕ್ವೀನ್ಸ್ ಗ್ಯಾಂಬಿಟ್ ನಿರಾಕರಣೆಯವೇ! ಎರಡನೇ ನಡೆಯಲ್ಲೇ ಬಿಳಿಯವರು ಸಿ4ಕ್ಕೆ ಕಾಲಾಳು ತಂದು ಕೆಣಕುವುದು, ಕಪ್ಪಿನವರು ಅದನ್ನು ಮುಟ್ಟದಿರುವುದು, ಅಲ್ಲಿಂದ ಕವಲೊಡೆಯುವ ನೂರು ದಾರಿ. ಪಂಡಿತರಿಗೆ ಅದು ಹಬ್ಬ, ನಮ್ಮಂಥವರಿಗೆ ಕಾಡು.

ಗೆಂಟ್ ಊರಿನ ಕೊಲ್ಲೆ

ಆ ಕಾಡಿಗೆ ನುಗ್ಗದೆ ಪಕ್ಕದ ಕಾಲುದಾರಿ ಹಿಡಿದವನು ಎಡ್ಗಾರ್ ಕೊಲ್ಲೆ. ಹುಟ್ಟಿದ್ದು 1897ರಲ್ಲಿ, ಬೆಲ್ಜಿಯಂನ ಗೆಂಟ್ ಊರಿನಲ್ಲಿ. ಹೆಸರು ಕೇಳಿದೊಡನೆ ಕನ್ನಡ ಓದಿದವರಿಗೆ ನಗು ಬರುತ್ತದೆ. ನಮ್ಮಲ್ಲಿ 'ಕೊಲ್ಲೆ' ಅಂದರೆ 'ನಾನು ಕೊಲ್ಲುವುದಿಲ್ಲ' ಎಂದರ್ಥ. ಅವನ ಆರಂಭದ ನಡೆಗಳನ್ನು ನೋಡಿದವರಿಗೂ ಹಾಗೇ ಅನ್ನಿಸುತ್ತಿತ್ತು. ಈತ ಯಾರ ತಂಟೆಗೂ ಹೋಗುವವನಲ್ಲ, ಪಾಪದ ಮನುಷ್ಯ! ಆದರೆ ಹದಿನೈದು ನಡೆ ಕಳೆಯುವಷ್ಟರಲ್ಲಿ ಎದುರಾಳಿಯ ರಾಜ ಬೀದಿಗೆ ಬಿದ್ದಿರುತ್ತಿದ್ದ.

ಕೊಲ್ಲೆ ಆರು ಬಾರಿ ಬೆಲ್ಜಿಯಂ ಚಾಂಪಿಯನ್ ಆದ. 1926ರಲ್ಲಿ ಆಮ್‌ಸ್ಟರ್‌ಡಾಮ್ ಪಂದ್ಯಾವಳಿಯಲ್ಲಿ ಟಾರ್ಟಕೋವರ್ ಮತ್ತು ಮುಂದೆ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ಯೂವೆ ಇಬ್ಬರನ್ನೂ ಹಿಂದೆ ಹಾಕಿ ಮೊದಲಿಗನಾದ. 1930ರಲ್ಲಿ ಇಂಗ್ಲೆಂಡಿನ ಸ್ಕಾರ್‌ಬರೋದಲ್ಲಿ ಮರೋಸಿ, ರುಬಿನ್‌ಸ್ಟೈನ್ ಅಂಥ ದಿಗ್ಗಜರಿಗಿಂತ ಮುಂದೆ ನಿಂತ. ಇಷ್ಟೆಲ್ಲ ಆದದ್ದು ಹೊಟ್ಟೆಯ ಹುಣ್ಣಿನ ನಡುವೆ. ಒಂದಲ್ಲ, ಎರಡಲ್ಲ, ಮೂರು ಕಠಿಣ ಶಸ್ತ್ರಚಿಕಿತ್ಸೆಗಳನ್ನು ದಾಟಿ ಬಂದ. ನಾಲ್ಕನೆಯದರ ನಂತರ, 1932ರ ಏಪ್ರಿಲ್‌ನಲ್ಲಿ, ಹುಟ್ಟಿದ ಊರಲ್ಲೇ ತೀರಿಕೊಂಡ. ಆಗ ಅವನ ವಯಸ್ಸು 34. ಈ ಸಾಲು ಬರೆಯುವಾಗ ನನ್ನ ಕೈ ಒಂದು ಕ್ಷಣ ನಿಂತಿತು. ನಾನೂ ಆ ವಯಸ್ಸಿನ ಆಸುಪಾಸಿನವನೇ.

ನಡೆಗಳು ಏಳೆಂಟು, ಉದ್ದೇಶ ಒಂದು

ಈಗ ಹಾಸು ತೆಗೆಯಿರಿ. ಬಿಳಿ ಕಾಯಿ ನಿಮ್ಮದು.

ಮೊದಲ ನಡೆ ಮಂತ್ರಿಯ ಕಾಲಾಳು ಡಿ4ಕ್ಕೆ. ಕಪ್ಪಿನವರೂ ಡಿ5ಕ್ಕೆ ತಮ್ಮದನ್ನು ತಂದರು ಅನ್ನೋಣ. ಎರಡನೆಯದು ರಾಜನ ಕಡೆಯ ಕುದುರೆ ಎಫ್3ಕ್ಕೆ. ಮೂರನೆಯದು ರಾಜನ ಕಾಲಾಳು ಇ3ಕ್ಕೆ, ಒಂದೇ ಮನೆ. ಆಮೇಲೆ ಒಂಟೆ ಡಿ3ಕ್ಕೆ. ಸಿ ಸಾಲಿನ ಕಾಲಾಳು ಸಿ3ಕ್ಕೆ. ಮಂತ್ರಿ ಕಡೆಯ ಕುದುರೆ ಡಿ2ಕ್ಕೆ. ಕ್ಯಾಸ್ಲಿಂಗ್ ಮಾಡಿ ರಾಜನನ್ನು ಮೂಲೆಯ ಕೋಟೆಯೊಳಗೆ ಇಡಿ. ಬೇಕಾದರೆ ಆನೆಯನ್ನು ಇ1ಕ್ಕೆ ತನ್ನಿ. ಸಿ3, ಡಿ4, ಇ3 ಮನೆಗಳ ಮೂರು ಕಾಲಾಳು ಸೇರಿ ಒಂದು ತ್ರಿಕೋನ, ಹಳ್ಳಿಮನೆಯ ಸೂರಿನ ಹಾಗೆ. ಇದೇ 'ಕೊಲ್ಲೆ ಪದ್ಧತಿ'.

ಇಷ್ಟನ್ನು ಬಾಯಿಪಾಠ ಮಾಡಿದರೆ ಅರ್ಧ ಕಲಿತ ಹಾಗೆ. ಉಳಿದರ್ಧ 'ಯಾಕೆ' ಎಂಬ ಪ್ರಶ್ನೆಯಲ್ಲಿದೆ.

ಒಂಟೆ ಡಿ3ರಲ್ಲಿ ಕುಳಿತರೆ ಅದರ ಕಣ್ಣು ಓರೆಯಾಗಿ ನೇರ ಎಚ್7ರ ಮೇಲೆ. ಕಪ್ಪು ರಾಜ ಕ್ಯಾಸ್ಲಿಂಗ್ ಮಾಡಿಕೊಂಡರೆ ಅವನ ಕೋಟೆಯ ಬಾಗಿಲು ಅದೇ. ಸಿ3ರ ಕಾಲಾಳಿಗೆ ಎರಡು ಕೆಲಸ. ಒಂದು, ಡಿ4ಕ್ಕೆ ಆಸರೆ. ಇನ್ನೊಂದು, ಕಪ್ಪಿನವರು ಕುದುರೆಯನ್ನೋ ಕಾಲಾಳನ್ನೋ ತಂದು ಒಂಟೆಯನ್ನು ಎಬ್ಬಿಸಿದರೆ ಹಿಂದೆ ಸರಿದು ಕೂರಲು ಸಿ2 ಮನೆಯನ್ನು ಖಾಲಿ ಇಡುವುದು. ಆ ಮನೆಯಿಂದಲೂ ಒಂಟೆಗೆ ಎಚ್7 ಕಾಣುತ್ತದೆ! ಡಿ2ರ ಕುದುರೆ, ಡಿ3ರ ಒಂಟೆ, ಇ1ರ ಆನೆ, ಈ ಮೂವರೂ ಬಲ ಕೊಡುವುದು ಇ4 ಎಂಬ ಒಂದೇ ಮನೆಗೆ.

ಅಲ್ಲಿದೆ ಗುಟ್ಟು. ಎಲ್ಲ ಸಿದ್ಧವಾದ ಮೇಲೆ ಇ3ರಲ್ಲಿ ತೆಪ್ಪಗೆ ನಿಂತಿದ್ದ ಕಾಲಾಳು ಇ4ಕ್ಕೆ ಹೆಜ್ಜೆ ಇಡುತ್ತದೆ. ಹಳೆಯ ಕಾಲದ ವೀರರು ಮೊದಲ ನಡೆಯಲ್ಲೇ ಹೋಗಿ ನಿಂತ ಮನೆ ಅದೇ ತಾನೆ? ಕೊಲ್ಲೆಯೂ ಅಲ್ಲಿಗೇ ಹೋದ. ಆದರೆ ಎಂಟು ಹತ್ತು ನಡೆ ತಡವಾಗಿ, ಮೂವರು ನೆಂಟರನ್ನು ಬೆನ್ನಿಗಿಟ್ಟುಕೊಂಡು ಹೋದ. ಕಪ್ಪಿನವರ ಒಂಟೆ ಡಿ6ರಲ್ಲೂ ಕುದುರೆ ಎಫ್6ರಲ್ಲೂ ಇದ್ದರೆ, ಮುಂದಿನ ನಡೆಯಲ್ಲಿ ಆ ಕಾಲಾಳು ಇ5ಕ್ಕೆ ಬಂದು ಎರಡನ್ನೂ ಒಟ್ಟಿಗೆ ಹೆದರಿಸುತ್ತದೆ. ಗಟ್ಟಿ ಆರಂಭ ಎಂದರೆ ಅಂಜುಬುರುಕರ ಆರಂಭ ಎಂದುಕೊಂಡವರು ಎಡವುವುದು ಇಲ್ಲೇ. ಅದು ಹೊಡೆತವನ್ನು ಬಿಟ್ಟುಕೊಡುವುದಿಲ್ಲ, ಮುಂದೂಡುತ್ತದೆ ಅಷ್ಟೆ.

ನೀಸ್, 1930

ಇದಕ್ಕೆ ಸಾಕ್ಷಿ ಬೇಕೆಂದರೆ 1930ರಲ್ಲಿ ಫ್ರಾನ್ಸಿನ ನೀಸ್ ಊರಿನಲ್ಲಿ ಕೊಲ್ಲೆ ಐರ್ಲೆಂಡಿನ ಒ'ಹ್ಯಾನ್ಲನ್ ಎದುರು ಆಡಿದ ಆಟವನ್ನು ಹಾಸಿನ ಮೇಲೆ ಇಟ್ಟು ನೋಡಿ. ಎಂಟು ನಡೆಗಳವರೆಗೆ ಏನೂ ನಡೆಯುವುದಿಲ್ಲ. ನೋಡುತ್ತಾ ಕುಳಿತವರು ಕಾಫಿ ಕುಡಿದು ಬರಬಹುದು. ಒಂಬತ್ತನೇ ನಡೆಗೆ ಇ4. ಕಾಲಾಳಿಗೆ ಕಾಲಾಳು, ಕುದುರೆಗೆ ಕುದುರೆ ಬದಲಾದವು. ಆ ಗಡಿಬಿಡಿಯಲ್ಲಿ ಒಂದು ಸಂಗತಿ ಕಪ್ಪಿನವರ ಗಮನಕ್ಕೆ ಬರಲಿಲ್ಲ. ಎಚ್7ರ ಬಾಗಿಲು ಕಾಯುತ್ತಿದ್ದ ಎಫ್6ರ ಕುದುರೆಯೇ ಹೋಗಿಬಿಟ್ಟಿತ್ತು. ಆ ಮನೆಗೆ ಇನ್ನೊಂದು ಕುದುರೆಯನ್ನು ಕರೆತರುವುದು ಬಿಟ್ಟು ಒ'ಹ್ಯಾನ್ಲನ್ ಡಿ4ರ ಕಾಲಾಳನ್ನು ಹೊಡೆದ.

ಹನ್ನೆರಡನೇ ನಡೆ. ಕೊಲ್ಲೆಯ ಒಂಟೆ ಎಚ್7ರ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಟ್ಟಿತು. ರಾಜ ಅದನ್ನು ತಿಂದ. ಕುದುರೆ ಜಿ5ಕ್ಕೆ ಹಾರಿ ಮತ್ತೆ ಚೆಕ್. ರಾಜ ಒಳಗೆ ಹೋಗದೆ ಜಿ6ಕ್ಕೆ, ಬಯಲಿಗೆ ಬಂದ. ಆಮೇಲೆ ಆನೆ ಇ6ರಲ್ಲಿ ನುಗ್ಗಿತು, ಎಚ್ ಸಾಲಿನ ಕಾಲಾಳು ಅಟ್ಟಿಸಿಕೊಂಡು ಬಂತು. ಇಪ್ಪತ್ತನೇ ನಡೆಗೆ ಮಂತ್ರಿ ಬಿ3ರಿಂದ ಚೆಕ್ ಕೊಟ್ಟಾಗ ಒ'ಹ್ಯಾನ್ಲನ್ ಸೋಲೊಪ್ಪಿಕೊಂಡ. ಒಂಟೆಯ ಆ ಬಲಿಯ ನಂತರ ಕಪ್ಪಿನವರು ಬೇರೆ ಉತ್ತರ ಕೊಟ್ಟಿದ್ದರೆ ಏನಾಗುತ್ತಿತ್ತು ಎಂದು ವಿಶ್ಲೇಷಕರು ಚರ್ಚೆ ಮಾಡಿದ್ದುಂಟು. ಹಾಸಿನ ಮುಂದೆ ಕುಳಿತು, ಗಡಿಯಾರ ಓಡುತ್ತಿರುವಾಗ ಅಂಥ ಉತ್ತರ ಹುಡುಕುವುದು ಬೇರೆಯೇ ಮಾತು.

ಎರಡು ವರ್ಷಕ್ಕೆ ಕೊಲ್ಲೆ ಇಲ್ಲವಾದ. ಆಟ ಉಳಿಯಿತು.

ಒಂದೊಂದೇ ಹೆಜ್ಜೆಯ ನಮ್ಮ ಆಟ

ಅದೇ 1930ರಲ್ಲಿ ಬೆಲ್ಜಿಯಂನ ಲಿಯೇಜ್ ಪಂದ್ಯಾವಳಿಯಲ್ಲಿ ಕೊಲ್ಲೆಯ ಜೊತೆ ಆಡಿದವರಲ್ಲಿ ನಮ್ಮ ದೇಶದವನೊಬ್ಬನಿದ್ದ. ಟಾರ್ಟಕೋವರ್ ಮೊದಲ ಸ್ಥಾನ ಪಡೆದ ಆ ಪಂದ್ಯಾವಳಿಯಲ್ಲಿ ಎರಡನೆಯವನಾಗಿ ನಿಂತ ಅವನು ಅವಿಭಜಿತ ಪಂಜಾಬಿನ ಮೀರ್ ಸುಲ್ತಾನ್ ಖಾನ್. ಸರ್ ಉಮರ್ ಹಯಾತ್ ಖಾನ್ ಎಂಬ ಜಮೀನ್ದಾರರ ಆಶ್ರಯದಲ್ಲಿದ್ದು, ಅವರ ಜೊತೆಗೇ 1929ರಲ್ಲಿ ಲಂಡನ್ನಿಗೆ ಹೋದವನು.

ಅವನ ಮಾತು ಇಲ್ಲಿ ಯಾಕೆಂದರೆ, ಚಿಕ್ಕಂದಿನಲ್ಲಿ ಅವನು ಕಲಿತದ್ದು ದೇಶಿ ಚದುರಂಗ. ನಮ್ಮ ಹಿರಿಯರು ಜಗುಲಿಯ ಮೇಲೆ ಆಡುತ್ತಿದ್ದ ಆಟ ನೆನಪಿರುವವರಿಗೆ ಗೊತ್ತು. ಅದರಲ್ಲಿ ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ಈಗಿನ ಕ್ಯಾಸ್ಲಿಂಗ್ ಇಲ್ಲ, ಅದರ ಬದಲು ರಾಜನಿಗೆ ಒಂದು ಸಲ ಕುದುರೆ ನಡೆ. ಎರಡು ಸೈನ್ಯಗಳು ಬೇಗ ಕೈಗೆ ಸಿಗುವುದಿಲ್ಲ. ಮೊದಲು ತಂತಮ್ಮ ಅರ್ಧದಲ್ಲಿ ವ್ಯೂಹ ಕಟ್ಟಿಕೊಳ್ಳಬೇಕು, ಆಮೇಲೆ ಯುದ್ಧ. ನಿಧಾನವೇ ಪ್ರಧಾನ.

ಪಾಶ್ಚಾತ್ಯ ನಿಯಮಗಳನ್ನು ತಡವಾಗಿ ಕಲಿತ ಸುಲ್ತಾನ್ ಖಾನ್‌ಗೆ ಆರಂಭಗಳ ಪುಸ್ತಕಪಾಂಡಿತ್ಯ ಇರಲಿಲ್ಲ. ಆದರೂ 1929, 1932 ಮತ್ತು 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದ. 1930-31ರ ಹೇಸ್ಟಿಂಗ್ಸ್ ಪಂದ್ಯಾವಳಿಯಲ್ಲಿ ಮಾಜಿ ವಿಶ್ವ ಚಾಂಪಿಯನ್ ಕಪಾಬ್ಲಾಂಕಾರನ್ನೇ ಸೋಲಿಸಿದ. ಆ ಆಟದಲ್ಲಿ ಬಿಳಿ ಕಾಯಿ ಅವನದು. ಮೊದಲು ಕುದುರೆ ಎಫ್3ಕ್ಕೆ, ಎರಡನೆಯದೇ ಮಂತ್ರಿಯ ಕಾಲಾಳು ಡಿ4ಕ್ಕೆ. ಐದನೇ ನಡೆಯಲ್ಲಿ ಮೂಲೆಯ ಕಾಲಾಳಿಗೆ ಒಂದೇ ಒಂದು ಹೆಜ್ಜೆ, ಎ3. ಆಡಂಬರವಿಲ್ಲ, ಅವಸರವಿಲ್ಲ. 65 ನಡೆಗಳ ಕೊನೆಗೆ ಕಪಾಬ್ಲಾಂಕಾ ಶರಣಾದರು. ಇದು ಕೊಲ್ಲೆ ಪದ್ಧತಿಯ ಆಟವಲ್ಲ ನಿಜ. ಆದರೆ ಪಾಯ ಗಟ್ಟಿಯಾಗಿದ್ದರೆ ಆಟ ದೂರ ಸಾಗುತ್ತದೆ ಎಂಬ ಮಾತು ಒಂದೇ. 1933ರ ಕೊನೆಗೆ ತವರಿಗೆ ಮರಳಿದ ಸುಲ್ತಾನ್ ಖಾನ್ 1966ರಲ್ಲಿ ತೀರಿಕೊಂಡ. ವಿಶ್ವ ಚೆಸ್ ಸಂಸ್ಥೆ ಅವನಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ.

ಕಿವಿಯಿಂದ ಆಡಿದವನು

ಕೊಲ್ಲೆ ಹೋದ ಮೇಲೆ ಅವನ ಪದ್ಧತಿಯನ್ನು ಜನರ ಮನೆಬಾಗಿಲಿಗೆ ಮುಟ್ಟಿಸಿದವರಲ್ಲಿ ಮುಖ್ಯನಾದವನು ಅದೇ ದೇಶದ ಜಾರ್ಜ್ ಕೊಲ್ಟನೋವ್‌ಸ್ಕಿ. ಆಂಟ್‌ವರ್ಪ್‌ನಲ್ಲಿ 1903ರಲ್ಲಿ ಹುಟ್ಟಿದವನು. ರೇಡಿಯೋದವನಾದ ನನಗೆ ಈತನ ಮೇಲೆ ವಿಶೇಷ ಪ್ರೀತಿ, ಯಾಕೆಂದರೆ ಈತ ಹಾಸನ್ನು ನೋಡದೆ ಬರೀ ಕೇಳಿಸಿಕೊಂಡು ಆಡುತ್ತಿದ್ದ. 1937ರ ಸೆಪ್ಟೆಂಬರ್‌ನಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಏಕಕಾಲಕ್ಕೆ 34 ಜನರ ಎದುರು ಹಾಗೆ ಆಡಿದ. ಎದುರಾಳಿಗಳ ನಡೆಗಳನ್ನು ಕೂಗಿ ಹೇಳುವುದು, ಈತ ಕೇಳಿ ಉತ್ತರ ಹೇಳುವುದು. ಹದಿಮೂರೂವರೆ ಗಂಟೆ ನಡೆದ ಆಟದಲ್ಲಿ 24 ಗೆಲುವು, 10 ಡ್ರಾ. ಒಂದೂ ಸೋಲಿಲ್ಲ!

ಎರಡನೇ ಮಹಾಯುದ್ಧದ ಕಾಲದಲ್ಲಿ ನಾತ್ಸಿಗಳ ಕೈಯಲ್ಲಿ ಅವನ ಬಂಧುಗಳು ಹತರಾದರು. ಪ್ರದರ್ಶನ ಪ್ರವಾಸದ ಮೇಲೆ ಅಮೆರಿಕ ಖಂಡದಲ್ಲಿದ್ದ ಇವನು ಉಳಿದ. ಊರಿಲ್ಲ, ತನ್ನವರಿಲ್ಲ. ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ನೆಲೆ ನಿಂತು ಅಲ್ಲಿನ 'ಕ್ರಾನಿಕಲ್' ಪತ್ರಿಕೆಯಲ್ಲಿ 1948ರಿಂದ 2000ದಲ್ಲಿ ಸಾಯುವವರೆಗೆ ಚೆಸ್ ಅಂಕಣ ಬರೆದ. ದಿನವಿಡೀ ದುಡಿದು ಸಂಜೆ ಆಡಲು ಕೂರುವ ಸಾಮಾನ್ಯರಿಗೆ ಕೊಲ್ಲೆ ಪದ್ಧತಿಯೇ ಸರಿ ಎಂದು ಹೇಳುತ್ತ, ಪುಸ್ತಕ ಬರೆಯುತ್ತ, ಊರೂರು ತಿರುಗುತ್ತ ಅದನ್ನು ಹಬ್ಬಿಸಿದ. ಪರಊರಿನಲ್ಲಿ ಬಾಳು ಕಟ್ಟಿಕೊಂಡ ನಮಗೆ ಅವನು ದೂರದವನೆನಿಸುವುದಿಲ್ಲ. ಊರು ಬಿಟ್ಟು ಹೋದವನು ಊರಿನ ಒಬ್ಬನ ಹೆಸರನ್ನು ಜೊತೆಗೆ ಕೊಂಡೊಯ್ದು ಬೆಳೆಸಿದ.

ಲೋಪವೂ ಇದೆ

ಕೊಲ್ಲೆ ಪದ್ಧತಿಯ ಗುಣಗಾನ ಮಾಡಿ ನಿಮ್ಮನ್ನು ಯಾಮಾರಿಸುವುದಿಲ್ಲ. ಇ3ಕ್ಕೆ ಕಾಲಾಳು ಬಂದೊಡನೆ ಸಿ1ರಲ್ಲಿರುವ ಒಂಟೆಗೆ ಹೊರಬರುವ ದಾರಿ ಮುಚ್ಚಿಹೋಗುತ್ತದೆ. ಇ4 ನಡೆ ಬರುವವರೆಗೆ ಅದಕ್ಕೆ ಗೃಹಬಂಧನ. ಇದಕ್ಕೆ ಒಂದು ಪರಿಹಾರ ಹತ್ತೊಂಬತ್ತನೇ ಶತಮಾನದ ಝುಕರ್‌ಟೋರ್ಟ್ ಹೆಸರಿನಲ್ಲಿದೆ. ಸಿ3ರ ಬದಲು ಬಿ ಸಾಲಿನ ಕಾಲಾಳನ್ನು ಬಿ3ಕ್ಕೆ ತಂದು ಆ ಒಂಟೆಯನ್ನು ಬಿ2ರಲ್ಲಿ ಕೂರಿಸುವುದು. ಇನ್ನೊಂದು ಪರಿಹಾರ 'ಲಂಡನ್ ಪದ್ಧತಿ'. 1922ರ ಲಂಡನ್ ಪಂದ್ಯಾವಳಿಯಿಂದ ಹೆಸರು ಪಡೆದ ಇದರಲ್ಲಿ ಇ3 ಬಾಗಿಲು ಹಾಕುವ ಮೊದಲೇ ಒಂಟೆ ಎಫ್4ಕ್ಕೆ ಹೊರಟುಬಿಡುತ್ತದೆ. ಉಳಿದಂತೆ ಅದೇ ತ್ರಿಕೋನದ ಸೂರು.

ಮತ್ತೊಂದು ಎಚ್ಚರಿಕೆ. ಕಪ್ಪಿನವರು ಜಿ6ಕ್ಕೆ ಕಾಲಾಳು ತಂದರೆ ಡಿ3ರ ಒಂಟೆಯ ಎದುರು ಗೋಡೆ ಎದ್ದ ಹಾಗೆ. ತಮ್ಮ ಒಂಟೆಯನ್ನು ಬೇಗನೆ ಎಫ್5ಕ್ಕೆ ತಂದರೂ ಅಷ್ಟೆ, ನಿಮ್ಮ ದಾರಿಗೆ ಅಡ್ಡ. ಆಗ ಹಟ ಹಿಡಿದು ಅದೇ ನಡೆಗಳನ್ನು ಆಡಬೇಡಿ. ಸಿ ಸಾಲಿನ ಕಾಲಾಳನ್ನು ಸಿ4ಕ್ಕೆ ನೂಕಿ ಮಂತ್ರಿಯ ಕಡೆಯಿಂದ ಆಟ ತೆರೆಯುವುದು ಮೇಲು. ಪದ್ಧತಿ ಎಂದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಳ್ಳುವುದಲ್ಲ.

ಇದೆಲ್ಲ ಹಳೇ ಕಾಲದ್ದು, ದೊಡ್ಡ ಆಟಗಾರರು ಈಗ ಇದನ್ನು ಮುಟ್ಟುತ್ತಾರಾ ಎಂದು ಕೇಳಬಹುದು. 2023ರ ಏಪ್ರಿಲ್‌ನಲ್ಲಿ ಅಸ್ತಾನಾದಲ್ಲಿ ನಡೆದ ವಿಶ್ವ ಪಟ್ಟದ ಪಂದ್ಯವನ್ನೇ ನೋಡಿ. ಆರನೇ ಆಟದಲ್ಲಿ ಚೀನಾದ ಡಿಂಗ್ ಲಿರೆನ್ ಇದೇ ಲಂಡನ್ ಪದ್ಧತಿ ಹಿಡಿದು 44 ನಡೆಗಳಲ್ಲಿ ನೆಪೊಮ್ನಿಯಾಚಿಯನ್ನು ಸೋಲಿಸಿದರು. ಕೊನೆಗೆ ಪಟ್ಟವೂ ಅವರದಾಯಿತು. ಮರುವರ್ಷ ಸಿಂಗಪುರದಲ್ಲಿ ಚೆನ್ನೈನ ಹುಡುಗ ಗುಕೇಶ್ ಎದುರೂ ಆರನೇ ಆಟಕ್ಕೆ ಅದನ್ನೇ ತಂದರು. ಗುಕೇಶ್ ಜಗ್ಗಲಿಲ್ಲ, ಆಟ ಡ್ರಾ ಆಯಿತು, ಪಟ್ಟ ಚೆನ್ನೈಗೆ ಬಂತು. ಗಟ್ಟಿ ಆರಂಭ ಗೆಲುವಿನ ಭರವಸೆಯನ್ನೇನೂ ಕೊಡುವುದಿಲ್ಲ. ಹನ್ನೊಂದನೇ ನಡೆಗೆ ಸೋಲುವುದಕ್ಕೆ ಬಿಡುವುದಿಲ್ಲ, ಅಷ್ಟೆ. ಆಮೇಲಿನದು ನಿಮ್ಮ ಆಟ.

ಹಾಗಾಗಿ ಮುಂದಿನ ಭಾನುವಾರಕ್ಕೆ ಮುಂಚೆ ಕಪಾಟಿನ ಮೇಲಿನ ಬೋರ್ಡು ಇಳಿಸಿ, ಧೂಳು ಒರೆಸಿ. ಮಗನನ್ನು ಎದುರಿಗೆ ಕೂರಿಸಿಕೊಂಡು ಡಿ4, ಎಫ್3, ಇ3 ಎಂದು ಒಂದೊಂದಾಗಿ ಇಡಿ. ಪ್ರತಿ ಕಾಯಿಗೂ 'ಇದು ಇಲ್ಲಿ ಯಾಕೆ?' ಎಂದು ಅವನನ್ನೇ ಕೇಳಿ. ಒಂದಿಪ್ಪತ್ತು ಆಟ ಹೀಗೆ ಆಡಿದರೆ ಇ4ಕ್ಕೆ ಯಾವಾಗ ಹೋಗಬೇಕೆಂಬುದು ಅವನಿಗೆ ತಾನಾಗಿ ಹೊಳೆಯುತ್ತದೆ. ಮತ್ತೆ ಸೋತು ಬಂದರೆ ಎಷ್ಟನೇ ನಡೆ ಎಂದು ಕೇಳಿ ನೋಡಿ. 'ನಲವತ್ತು ಅಪ್ಪ' ಎಂದರೆ ಬೆನ್ನು ತಟ್ಟಿ, ಬೋರ್ಡನ್ನು ಕಪಾಟಿಗೆ ಸೇರಿಸಬೇಡಿ.

ಮತ್ತೆ ಧ್ವನಿಯಲ್ಲಿ ಸಿಗೋಣ. ಅಲ್ಲಿಯವರೆಗೆ ನಿಮ್ಮ ರಾಜ ಕ್ಷೇಮವಾಗಿರಲಿ. ನಮಸ್ಕಾರ.